ಕುಸಿಯದ ರಾಗಿ ಕೇಕ್, ಮೆಟ್ಟಿಲಿಲ್ಲದ ಸುತ್ತಾಟ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಗನಿಗೆ 3 ವರ್ಷ ತುಂಬುತ್ತೆ. ಆ ಶನಿವಾರ, ಭಾನುವಾರ ಅತ್ತೆ-ಮಾವ ಬರ್ತಾರೆ, ಅತ್ತೆಗೆ ಮಂಡಿನೋವು. ಕಳೆದ ಸಲ ಕುಕ್ಕರ್‌ನಲ್ಲಿ ಮಾಡಿದ ರಾಗಿ ಕೇಕ್ ನಡುವೆ ಕುಸಿಯಿತು. ಹತ್ತಿರ ಎಲ್ಲಿಗೆ ಹೋಗಬಹುದು?
– ಓದುಗರು, ತುಮಕೂರು

ಉತ್ತರ: ರಾಗಿಯಲ್ಲಿ ಗೋಧಿಯ ಅಂಟಿಲ್ಲ, ಉಬ್ಬಿದ್ದನ್ನು ಹಿಡಿದಿಡುವುದಿಲ್ಲ. 1 ಬಟ್ಟಲು ರಾಗಿ ಹಿಟ್ಟಿಗೆ ಅರ್ಧ ಬಟ್ಟಲು ಗೋಧಿ ಹಿಟ್ಟು, 1 ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ ಸೇರಿಸಿ ಜರಡಿ ಹಿಡಿಯಿರಿ. ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, 1 ಬಟ್ಟಲು ಮೊಸರು, ಅರ್ಧ ಬಟ್ಟಲು ಎಣ್ಣೆ ಬೇರೆಯಾಗಿ ಕಲಸಿಕೊಂಡು ಎರಡನ್ನೂ ಬೆರೆಸಿ. ಗಟ್ಟಿಯಾದರೆ ಸ್ವಲ್ಪ ಹಾಲು. ಮೊಸರು ತಾಗಿದೊಡನೆ ಸೋಡಾ ಕೆಲಸ ಶುರುಮಾಡುತ್ತೆ, ಆದ್ದರಿಂದ ಕಲಸಿದ ಹಿಟ್ಟನ್ನು ಹಾಗೇ ಬಿಟ್ಟಿರಬೇಡಿ. ಕುಕ್ಕರ್ ತಳಕ್ಕೆ ಉಪ್ಪು ಹರವಿ, ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದು 10 ನಿಮಿಷ ಮೊದಲೇ ಕಾಯಿಸಿ. ಹಿಟ್ಟಿನ ಪಾತ್ರೆ ಒಳಗಿಟ್ಟು ಸಣ್ಣ ಉರಿಯಲ್ಲಿ 40–45 ನಿಮಿಷ ಬೇಯಿಸಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಲೇಬೇಡಿ; ತೆಗೆದರೆ ಕೇಕ್ ಕುಸಿಯಬಹುದು. ಮೇಲೆ ಇಡೀ ಗೋಡಂಬಿ, ದ್ರಾಕ್ಷಿ ಬೇಡ, ಪುಟಾಣಿಗಳ ಗಂಟಲಿಗೆ ಸಿಕ್ಕೀತು.

ದೇವರಾಯನದುರ್ಗದ ಬೆಟ್ಟದ ಮೇಲಿನ ಗುಡಿಗೆ ಮೆಟ್ಟಿಲು ಹತ್ತಬೇಕು, ಅತ್ತೆಯವರಿಗೆ ಬೇಡ. ಬುಡದ ನಾಮದ ಚಿಲುಮೆ ಸಾಕು: ಬಂಡೆಯಿಂದ ಚಿಮ್ಮುವ ನೀರು, ಪಕ್ಕದಲ್ಲೇ ಜಿಂಕೆಗಳು. ಬೆಳಿಗ್ಗೆಯೇ ಹೊರಡಿ, ಚಿತ್ತಾ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಹಿಡಿಯುತ್ತೆ. ಕೋತಿಗಳಿವೆ, ತಿಂಡಿ ಕೈಯಲ್ಲಿ ಹಿಡಿದು ಓಡಾಡಬೇಡಿ. ಕೇಕ್ ಮನೆಯಲ್ಲೇ ಕತ್ತರಿಸಿ.