ಹಾಡೋಕೆ ಬರಲ್ಲ ಅನ್ನೋ ಮೇಷ್ಟ್ರಿಗೆ

ಡಿ.ಎಲ್.ಇಡಿ (ಪ್ರಾಥಮಿಕ ಶಾಲೆ ಮೇಷ್ಟ್ರಾಗೋರ ಡಿಪ್ಲೊಮಾ) ಎರಡನೇ ವರ್ಷ ಓದ್ತಾ ಜಗಳೂರು ಕಡೆ ಹಳ್ಳಿ ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗಿರೋ ಒಬ್ರು ಉದ್ದಕ್ಕೆ ಕಾಗದ ಬರ್ದಿದಾರೆ. ಹೆಸರು ಹಾಕ್ಬೇಡ್ರಿ ಅಂದಿದಾರೆ, ಹಾಕಲ್ಲ. ಎರಡನೇ ಕ್ಲಾಸಿಗೆ ಹಾಡು ಹೇಳ್ಕೊಡೋಕೆ ನಿಂತ್ರೆ ಅರ್ಧ ಮಕ್ಳು ಒದರ್ತಾರಂತೆ, ಇನ್ನರ್ಧ ಗೊಗ್ಗರು ದನಿಯಲ್ಲಿ ಗೊಣಗ್ತಾರಂತೆ. ಇವರು ಚಿಕ್ಕೋರಿದ್ದಾಗ 'ನೀನು ಹಿಂದೆ ನಿಂತ್ಕೊಂಡು ಬರೀ ಬಾಯಿ ಆಡಿಸು' ಅಂತ ಯಾರೋ ಅಂದಿದ್ರಂತೆ, ಅವತ್ತಿಂದ ಹಾಡೇ ಇಲ್ಲ. ಶಾಲೆಯಲ್ಲಿರೋ ಟೀಚರ್ ಒಬ್ರು ಸದಾ ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬೋ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಹಾಲು-ಮೊಟ್ಟೆ ಲೆಕ್ಕದಲ್ಲೇ ಮುಳುಗಿರ್ತಾರೆ, ಇನ್ನೊಬ್ರು ಅತಿಥಿ ಶಿಕ್ಷಕಿ, ಹೆಡ್‌ಮಾಸ್ಟ್ರು 'ನಲಿಕಲಿಯಲ್ಲಿ ಹಾಡು ಬೇಕಾದಷ್ಟು ಐತಲ್ಲಪ್ಪಾ, ಮೊದ್ಲು ಓದೋಕೆ ಬರ್ಲಿ' ಅಂತಾರೆ (ನಲಿಕಲಿ ಅಂದ್ರೆ ಸರ್ಕಾರಿ ಶಾಲೆ ಚಿಕ್ಕ ಕ್ಲಾಸುಗಳಲ್ಲಿ ಆಟ, ಹಾಡು, ಕಾರ್ಡುಗಳಿಂದ ಕಲಿಸೋ ಪದ್ಧತಿ). ಪ್ರತಿ ಶಾಲೆಗೂ ಸಂಗೀತ ಮೇಷ್ಟ್ರು ಬರೋತನಕ ಇದೆಲ್ಲ ಬರೀ ನಾಟಕ ಅಲ್ವಾ ಸಾರ್, ಇಲ್ಲಾಂದ್ರೆ ಕೈಯಿಂದ ದುಡ್ಡು ಹಾಕಿ ಸ್ಪೀಕರ್ ತರ್ಲೋ ಹಳೇ ಹಾರ್ಮೋನಿಯಂ ತರ್ಲೋ, ಇದು ಅವರ ಪ್ರಶ್ನೆ.

ಮೇಷ್ಟ್ರೇ (ಕೋರ್ಸ್ ಮುಗಿಯೋ ಮುಂಚೇನೇ ಹಂಗೆ ಕರೀತೀನಿ, ಬೇಜಾರಿಲ್ಲ ತಾನೆ), ಮೊದ್ಲು ಆ ಸಂಗೀತ ಮೇಷ್ಟ್ರ ವಿಷ್ಯ ಮುಗಿಸ್ಬಿಡೋಣ. ಸದ್ಯಕ್ಕೆ ಅವರು ಬರಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೊನೇಲಿರೋ ಶೆಡ್ಯೂಲ್ ತೆಗೆದು ನೋಡ್ರಿ, ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅಂತ ಇರೋದು 6ರಿಂದ 8ನೇ ಕ್ಲಾಸಿಗೆ, ಅದೂ 100ಕ್ಕಿಂತ ಜಾಸ್ತಿ ಮಕ್ಳಿದ್ರೆ. 1ರಿಂದ 5ಕ್ಕೆ 60 ಮಕ್ಕಳವರೆಗೆ ಇಬ್ರು ಟೀಚರ್, ಅಲ್ಲಿಗೆ ಲೆಕ್ಕ ಮುಗೀತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ಕ್ಲಾಸಿನವರೆಗೂ ಕಲೆ ಕಡ್ಡಾಯ ಇರ್ಲಿ ಅಂತು, 2020ರ ನೀತಿ ಪಠ್ಯ ಬೇರೆ ಪಠ್ಯೇತರ ಬೇರೆ ಅನ್ನೋದು ಬೇಡ ಅಂತು, ಹೇಳೋರು ಹೇಳಿದ್ರು, ನಿಮ್ಮಂಥ ಹಳ್ಳಿ ಶಾಲೆಗೆ ಪೋಸ್ಟ್ ಮಾತ್ರ ಬರ್ಲಿಲ್ಲ. ಬಂದ್ರೆ ಖುಷಿ ಪಡೋರಲ್ಲಿ ನಾನೂ ಒಬ್ಬ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರಾದ್ಮೇಲೆ ಪುಟ್ಟರಾಜರು ಸಾಕಿ ಕಲಿಸಿದ ಅಂಧ ಮಕ್ಳು ಎಷ್ಟೋ ಜನ ಸಂಗೀತ ಹೇಳ್ಕೊಡೋ ಮೇಷ್ಟ್ರಾದ್ರು, ಅಂಥೋರು ಹಳ್ಳಿ ಶಾಲೆಗೆ ಬಂದ್ರೆ ಯಾರಿಗೆ ಬೇಡ. ಆದ್ರೆ ಅವರಿಗೆ ಕಾಯ್ತಾ ಕೂತ್ರೆ ನಿಮ್ಮ ಎರಡನೇ ಕ್ಲಾಸು ಎಸ್ಸೆಸ್ಸೆಲ್ಸಿ ಮುಗಿಸಿರುತ್ತೆ.

ನಂಗೆ ಜಗಳ ಇರೋದು ಹೆಡ್‌ಮಾಸ್ಟ್ರ ಮಾತಿನ ಮೇಲೆ. ನಲಿಕಲಿ ಬಗ್ಗೆ ಗೌರವ ಐತೆ, 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದ ಆ ಪದ್ಧತಿ ಮಕ್ಳನ್ನ ಸಾಲಾಗಿ ಕೂರಿಸಿ ಬಾಯಿಪಾಠ ಮಾಡ್ಸೋದನ್ನ ತಪ್ಪಿಸ್ತು. ಆದ್ರೆ ಅಲ್ಲಿ ಹಾಡು ಅನ್ನೋದು ಅಕ್ಷರ, ಸಂಖ್ಯೆ, ಹಣ್ಣಿನ ಹೆಸರು ಹೊರೋ ಕತ್ತೆ, ಹೊರೆ ಇಳಿಸಿದ ಮೇಲೆ ಕತ್ತೆ ಕಡೆ ಯಾರೂ ತಿರುಗಿ ನೋಡಲ್ಲ. ಮಗು ಸ್ವರ ಹಿಡೀತಾ, ಪಕ್ಕದೋನ ದನಿ ಕೇಳಿಸ್ಕೊಳ್ತಾ ಅಂತ ಕಲಿಕಾ ಏಣಿಯಲ್ಲಿ (ಮಗು ಮೆಟ್ಟಿಲು ಮೆಟ್ಟಿಲಾಗಿ ಏನು ಕಲೀಬೇಕು ಅನ್ನೋ ನಲಿಕಲಿ ಪಟ್ಟಿ) ಎಲ್ಲಿ ಕೇಳ್ತಾರೆ? ಪ್ರತಿಭಾ ಕಾರಂಜಿ ಬಂದಾಗ ಮಾತ್ರ ಚೆನ್ನಾಗಿ ಹಾಡೋ ಒಂದಿಬ್ರನ್ನ ಆರಿಸಿ ಕರ್ಕೊಂಡು ಹೋಗ್ತೀವಿ, ಉಳಿದೋರಿಗೆ ಚಪ್ಪಾಳೆ ಡ್ಯೂಟಿ. ನಿಮಗೆ 'ಬಾಯಿ ಆಡಿಸು' ಅಂದ್ರಲ್ಲ, ಆ ರೋಗ ಶುರುವಾಗೋದೇ ಈ ಆರಿಸೋದ್ರಿಂದ. ಅಲ್ರೀ, ಲೆಕ್ಕದಲ್ಲಿ ಹಿಂದಿರೋ ಮಗುಗೆ ಯಾರಾದ್ರೂ 'ನೀನು ಬರೀ ಬರೆದಂಗೆ ಆಕ್ಟ್ ಮಾಡು' ಅಂತಾರಾ?

ಈಗ ಆ ಗೊಗ್ಗರು ದನಿ ಯಾಕೆ ಬರುತ್ತೆ ನೋಡೋಣ. ಗಂಡಸರ ದನಿ ಮಕ್ಕಳ ದನಿಗಿಂತ ಹೆಚ್ಚುಕಮ್ಮಿ ಒಂದು ಸ್ಥಾಯಿ (ಕೆಳಗಿನ ಸ-ದಿಂದ ಮೇಲಿನ ಸ-ವರೆಗಿನ ಅಂತರ) ಕೆಳಗಿರುತ್ತೆ. ನೀವು ನಿಮ್ಮ ಶ್ರುತಿಯಲ್ಲಿ ಹಾಡ್ತೀರ, ಅದೇ ಹಾಡನ್ನ ಮೇಲಿನ ಸ್ಥಾಯಿಯಲ್ಲಿ ಹಾಡ್ಬೇಕು ಅನ್ನೋದು ಏಳು ವರ್ಷದ ಮಗುಗೆ ಹೆಂಗೆ ಹೊಳೀಬೇಕು, ಅದು ನಿಮ್ಮ ದನೀನೇ ಹುಡುಕ್ಕೊಂಡು ಕೆಳಗಿಳಿಯುತ್ತೆ, ಗಂಟಲು ಸಿಗಲ್ಲ, ಗೊಣಗುತ್ತೆ, ಆಗ ನೀವು 'ಜೋರಾಗಿ ಹೇಳ್ರೋ' ಅಂತೀರ, ಒದರೋಕೆ ಶುರು. ಅದಕ್ಕೇ ಒಂದು ಕೆಲ್ಸ ಮಾಡ್ರಿ, ಹಾಡಿನ ಮೊದಲ ಸಾಲನ್ನ ಮೆತ್ತಗೆ ಕಳ್ಳದನಿಯಲ್ಲಿ (ಗಂಡಸರು ಹೆಣ್ಣುದನಿ ತರ ತೆಳ್ಳಗೆ ಮಾಡ್ಕೊಳೋ ದನಿ) ಮೇಲೆ ಎತ್ತಿ ಹೇಳ್ರಿ, ಇಲ್ಲಾ ಸ್ವರ ಹಿಡಿಯೋ ಹುಡುಗಿ ಒಬ್ಳು ಕ್ಲಾಸಲ್ಲಿ ಇದ್ದೇ ಇರ್ತಾಳೆ, ಅವಳೇ ಎತ್ಕೊಳ್ಲಿ, ಉಳಿದೋರು ಹಿಂದೆ. ನಮ್ಮ ಸೋಬಾನೆ ಪದದಲ್ಲಿ ಒಬ್ರು ಹೇಳೋದು ಉಳಿದೋರು ಸೊಲ್ಲು ಎಳೆಯೋದು ಇದೆಯಲ್ಲ, ಅದೇ.

ಇನ್ನೊಂದು, ಹಾಜರಿ. ಹಂಗೇರಿಯಲ್ಲಿ ಕೊಡಾಯ್ ಅಂತ ಸಂಗೀತಗಾರರಿದ್ರು (1882–1967), ಅವರ ಪದ್ಧತಿಯಲ್ಲಿ ಚಿಕ್ಕ ಮಕ್ಳಿಗೆ ಪೂರ್ತಿ ಸಪ್ತಸ್ವರ ಹೇರಲ್ಲ, ಎರಡೇ ಸ್ವರದಿಂದ ಶುರು ಮಾಡ್ತಾರೆ, ನಮ್ಮ ಲೆಕ್ಕದಲ್ಲಿ ಪ ಮತ್ತು ಗ. ಮಕ್ಳು ಓಣಿಯಲ್ಲಿ ಒಬ್ರನ್ನೊಬ್ರು ರಾಗ ಎಳೆದು ಕರೀತಾರಲ್ಲ, ಅದರ ಹತ್ರಹತ್ರ ಬರುತ್ತೆ ಇದು. ಹೆಸರನ್ನ ಆ ಎರಡು ಸ್ವರದಲ್ಲಿ ಕರೀರಿ, ಮಗು ಅದೇ ಎರಡರಲ್ಲಿ 'ಬಂದೀನ್ರೀ' ಅನ್ಲಿ. ಹೆಂಗೂ ಹಾಜರಿ ಕರೀಲೇಬೇಕು, ಪೋರ್ಷನ್ನಿಗೆ ಒಂದು ನಿಮಿಷ ನಷ್ಟ ಇಲ್ಲ. ಯಾವ ಮಗುಗೆ ಸ್ವರ ಹತ್ತಿತು ಯಾವುದಕ್ಕಿನ್ನೂ ಇಲ್ಲ ಅಂತ ನಿಮ್ಮ ಕಿವಿಗೇ ತಿಳಿಯುತ್ತೆ, ಪರೀಕ್ಷೆ ಅಂತ ಮಕ್ಳಿಗೆ ಗೊತ್ತೂ ಆಗಲ್ಲ.

ಟೈಮ್ ಇಲ್ಲ ಅಂತೀರ. ನಾಡಗೀತೆಗೆ 2022ರಲ್ಲಿ ಸರ್ಕಾರ ಧಾಟಿ ಗೊತ್ತು ಮಾಡಿ 2 ನಿಮಿಷ 30 ಸೆಕೆಂಡಲ್ಲಿ ಹಾಡ್ಬೇಕು ಅಂತ ಆದೇಶ ಮಾಡ್ತು. ಕಾಯ್ದೆ ಪ್ರಕಾರ 1ರಿಂದ 5ನೇ ಕ್ಲಾಸಿಗೆ ವರ್ಷಕ್ಕೆ 200 ದಿನ ಶಾಲೆ. ಗುಣಿಸ್ರಿ, 500 ನಿಮಿಷ, ಎಂಟು ತಾಸಿನ ಮೇಲೆ. ಇಷ್ಟು ಹೊತ್ತು ಮಕ್ಳು ಬಿಸಿಲಲ್ಲಿ ನಿಂತು ಹಾಡ್ತಾರೆ, ಸ್ಪೀಕರ್ ಹಾಕಿರೋ ಕಡೆ ಅದರ ಸದ್ದಿನ ಮೇಲೆ ಕಿರುಚ್ತಾರೆ, ಯಾರೂ ಒಂದು ಸಾಲು ತಿದ್ದಲ್ಲ. ನಿಮ್ಮ ಸಂಗೀತದ ಪೀರಿಯಡ್ ಅದೇ. ವಾರಕ್ಕೊಂದು ಸಾಲು ತಿದ್ರಿ ಸಾಕು, ಹೆಡ್‌ಮಾಸ್ಟ್ರೂ ಬೇಡ ಅನ್ನಲ್ಲ, ಜನವರಿ 26ಕ್ಕೆ ಊರೋರ ಮುಂದೆ ಅವರಿಗೇ ಹೆಸರು.

ನಿಮ್ಮ ಕಾಗದದಲ್ಲಿ ನಂಗೆ ತುಂಬಾ ಹಿಡಿಸಿದ್ದು ಆ ತಾಂಡಾದ ಹುಡುಗನ ವಿಷ್ಯ. ಮನೆಯಲ್ಲಿ ಲಂಬಾಣಿ ಮಾತಾಡೋನು, ಕ್ಲಾಸಲ್ಲಿ ತುಟಿ ಬಿಚ್ಚಲ್ಲ, ಆದ್ರೆ ಕಂಪಾಸ್ ಬಾಕ್ಸ್ ಮುಚ್ಚಳದ ಮೇಲೆ ಎರಡು ಬೆರಳಲ್ಲಿ ಬಡೀತಾನೇ ಇರ್ತಾನೆ, ಬೈಸ್ಕೊಳ್ತಾನೆ, ನೀವೂ ಬಾಕ್ಸ್ ಕಿತ್ಕೊಂಡು ಟೇಬಲ್ ಮೇಲೆ ಇಟ್ರಿ. ಮೇಷ್ಟ್ರೇ, ವಾಪಸ್ ಕೊಡ್ರಿ ಅದನ್ನ! ಇಡೀ ಕ್ಲಾಸಿಗೆ ತಾಳ ಹಿಡಿಯೋ ಕೆಲ್ಸ ಅವನಿಗೆ ಕೊಡ್ರಿ. ಮಕ್ಳನ್ನ ಎರಡು ಗುಂಪು ಮಾಡಿ, ಒಂದು ಗುಂಪು 'ತಕಿಟ' ಅಂತ ನಾಲ್ಕು ಸಲ ಹೇಳ್ಲಿ, ಇನ್ನೊಂದು 'ತಕದಿಮಿ' ಅಂತ ಮೂರು ಸಲ, ಇಬ್ರೂ ಒಂದೇ ವೇಗ, ಒಂದೊಂದು ಅಕ್ಷರಕ್ಕೂ ಅವನು ಒಂದೊಂದು ಏಟು ಹಾಕ್ಲಿ. ಹನ್ನೆರಡನೇ ಏಟಿಗೆ ಎರಡೂ ಗುಂಪು ಒಟ್ಟಿಗೆ ಮುಗೀತಾರೆ, ಮೂರ್ನಾಲ್ಕಲೆ ಹನ್ನೆರಡು, ನಾಲ್ಕ್ಮೂರ್ಲೆ ಹನ್ನೆರಡು. ಮೊದಲನೇ ದಿನ ಗಲಾಟೆ ಆಗುತ್ತೆ, ಪಕ್ಕದ ಕ್ಲಾಸಿಂದ ಬಂದು ಇಣುಕ್ತಾರೆ, ಆಗ್ಲಿ ಬಿಡ್ರಿ.

ಹಾಡು ಎಲ್ಲಿಂದ ತರ್ಲಿ ಅಂದ್ರೆ ದೂರ ಹೋಗ್ಬೇಡ್ರಿ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬರ್ತಿರ್ಲಿಲ್ಲ, ಪದಗಳು ಮಾತ್ರ ರಾಶಿ ರಾಶಿ ನೆನಪಿದ್ವು, ಹಂಪಿ ವಿಶ್ವವಿದ್ಯಾಲಯ ಕರೆದು ನಾಡೋಜ ಕೊಡ್ತು. ನಿಮ್ಮ ಮಕ್ಕಳ ಅಜ್ಜಿಯರಲ್ಲೂ ಬೀಸೋ ಪದ, ಸೋಬಾನೆ ಗೊತ್ತಿರೋರು ಇನ್ನೂ ಇರ್ತಾರೆ, ತಾಂಡಾದೋರ ಹಾಡು ಬೇರೇನೇ ಐತೆ. ಸಂಭ್ರಮ ಶನಿವಾರ ಅಂತ ಬ್ಯಾಗಿಲ್ಲದ ದಿನ ಬರುತ್ತಲ್ಲ, ಒಬ್ಬ ಅಜ್ಜಿಯನ್ನ ಶಾಲೆಗೆ ಕರೀರಿ. ಮೊದ್ಲು ನಾಚ್ಕೊಳ್ತಾರೆ, ಆಮೇಲೆ ನಿಲ್ಸೋದೇ ಕಷ್ಟ.

ಸ್ಯಾಟ್ಸ್, ಹಾಲು, ಮೊಟ್ಟೆ ವಿಷ್ಯಕ್ಕೆ ನನ್ನತ್ರ ಔಷಧಿ ಇಲ್ಲ, ಅದಕ್ಕೆ ಬೇರೆ ಸಂಚಿಕೆನೇ ಬೇಕು, ಮಾಡ್ತೀವಿ. ಹೆಡ್‌ಮಾಸ್ಟ್ರ ಜೊತೆ ಮಾತ್ರ ಜಗಳ ಆಡ್ಬೇಡ್ರಿ, ಇಂಟರ್ನ್‌ಶಿಪ್ ರಿಪೋರ್ಟಿಗೆ ಸೈನ್ ಹಾಕೋರು ಅವರೇ.

ಸ್ಪೀಕರ್ ಬೇಡ, ಅದರ ಮುಂದೆ ಮಕ್ಕಳ ದನಿ ಕೇಳಲ್ಲ. ಹಾರ್ಮೋನಿಯಂ ಕೂಡ ಈಗ್ಲೇ ಬೇಡ, ಹಳೇದು ತಂದ್ರೆ ರಿಪೇರಿಗೇ ದುಡ್ಡು ಹೋಗುತ್ತೆ. ಫೋನಲ್ಲಿ ತಂಬೂರಿ ಆಪ್ ಪುಕ್ಕಟೆ ಸಿಗುತ್ತೆ, ಹಾಕ್ಕೊಂಡು ಮಕ್ಕಳ ಗಂಟಲಿಗೆ ಸಲೀಸಾಗೋ ಶ್ರುತಿ ಹುಡುಕ್ರಿ, ಆ ಶ್ರುತಿಯಲ್ಲಿ ನೀವೂ ದಿನಾ ಬೆಳಿಗ್ಗೆ ಬಸ್ ಬರೋದ್ರೊಳಗೆ ಐದು ನಿಮಿಷ ದನಿ ಸೇರ್ಸಿ. ಎರಡು ತಿಂಗಳಾದ್ಮೇಲೆ ಆ ಹುಡುಗ ಏನ್ಮಾಡ್ತಿದಾನೆ ಅಂತ ಇನ್ನೊಂದು ಕಾಗದ ಹಾಕ್ರಿ, ಅಜ್ಜಿ ಪದ ಸಿಕ್ರೆ ಅದನ್ನೂ ಬರ್ಕೊಂಡು ಕಳಿಸ್ರಿ, ಹೇಳಿದೋರ ಒಪ್ಪಿಗೆ ಕೇಳಿ ಅವರ ಹೆಸರಲ್ಲೇ ಅಚ್ಚು ಹಾಕ್ತೀವಿ.

— ಸಂ.