ಏಕವಚನದಲ್ಲಿ ಮಾತನಾಡಿಸುವವರು

ಹೈಸ್ಕೂಲು ಬಿಟ್ಟಂದಿನಿಂದ ಮಾತುಕತೆಯೇ ಇಲ್ಲದ ಗೆಳೆಯನ ನಂಬರು ಅರವತ್ತು ದಾಟಿದ ಮೇಲೆ ಸಿಕ್ಕಿದೆ, ಕರೆ ಮಾಡಿದರೆ ಹಳೆಯ ಸ್ನೇಹ ಮತ್ತೆ ಚಿಗುರೀತೇ ಅಥವಾ ಎರಡು ಮಾತಿಗೆ ಮುಗಿದು ಮುಜುಗರವಾದೀತೇ ಎಂದು ಕೇಳಿದ್ದೀರಿ. ನಾನು ಹಾಸನದವನು. ಬ್ಯಾಂಕಿನಲ್ಲಿ 36 ವರ್ಷ ದುಡಿದು ಊರಿಗೆ ಮರಳಿದ ಮೇಲೆ, ಇದೇ ಅಳುಕಿನಿಂದ ಒಂದು ನಂಬರನ್ನು ವಾರವಿಡೀ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ.

ನಾವು ಎಂಟನೆಯ ತರಗತಿಗೆ ಸೇರಿದ್ದು 1973ರಲ್ಲಿ. ಆ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ನೋಟ್‌ಬುಕ್ಕಿನ ಮೇಲಿನ ವಿಳಾಸವನ್ನು ಹೊಡೆದುಹಾಕಿ ತಿದ್ದಿಕೊಂಡವರು ನಾವು. ತರಗತಿಯಲ್ಲಿ ಪೇಟೆಯ ಹುಡುಗರಷ್ಟೇ ಅಲ್ಲದೆ, ಗೊರೂರಿನ ಕಡೆಯಿಂದ ಬಂದು ಹಾಸ್ಟೆಲಿನಲ್ಲೋ ನೆಂಟರ ಮನೆಯಲ್ಲೋ ಇದ್ದುಕೊಂಡು ಓದುತ್ತಿದ್ದವರೂ ಇದ್ದರು. ಗೊರೂರಿನಲ್ಲಿ ಆಗ ಹೇಮಾವತಿಗೆ ಅಣೆಕಟ್ಟು ಏಳುತ್ತಿತ್ತು. 1979ರಲ್ಲಿ ಅದು ಮುಗಿಯಿತು, ನಮ್ಮ ಜೊತೆಯಲ್ಲಿ ಕೂತಿದ್ದ ಇಬ್ಬರ ಊರು ಹಿನ್ನೀರಿನ ಪಾಲಾಯಿತು. ನನ್ನ ಜೇಬಿನಲ್ಲಿದ್ದದ್ದು ಆ ಇಬ್ಬರಲ್ಲಿ ಒಬ್ಬನ ನಂಬರು.

ಕರೆ ಮಾಡಿ ಹೆಸರು ಹೇಳಿದೆ, ಕೆಲಸ ಹೇಳಿದೆ. ಆ ಕಡೆಯಿಂದ "ಹೇಳಿ ಸಾರ್" ಎಂಬ ಒಣ ಉತ್ತರ ಬಂತು. ಕೊನೆಗೆ, "ದಸರಾ ರಜೆಗೆ ಬಂದು ನಿಮ್ಮ ಜಗಲಿ ಕಂಬಕ್ಕೆ ಹಣೆ ಒಡ್ಕೊಂಡಿದ್ನಲ್ಲ, ಅವನು ಕಣೋ" ಎಂದೆ. ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಅಯ್ಯೋ ನೀನೇನೋ! ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ?" ಎಂದವನು ಮೊದಲು ಕೇಳಿದ್ದು ನನ್ನ ಹೆಂಡತಿ ಮಕ್ಕಳ ವಿಚಾರವನ್ನಲ್ಲ, ಆ ಜಗಲಿಗೆ ಎಷ್ಟು ಕಂಬಗಳಿದ್ದವು ಎಂದು. ನಾಲ್ಕು ಎಂದು ಅವನೂ ಮೂರು ಎಂದು ಅವನ ತಮ್ಮನೂ ವರ್ಷಗಳಿಂದ ವಾದಿಸುತ್ತಿದ್ದರಂತೆ. ಅವನ ಹೆಂಡತಿ ಮಕ್ಕಳು ಯಾರೂ ಆ ಮನೆಯನ್ನು ಕಂಡವರಲ್ಲ. ಸಾಕ್ಷಿ ಹೇಳಬಲ್ಲ ಹೊರಗಿನವನೆಂದರೆ ನಾನೊಬ್ಬನೇ. ಮರುವರ್ಷದ ಬೇಸಿಗೆಯಲ್ಲಿ ನೀರು ಇಳಿದಾಗ ಇಬ್ಬರೂ ಶೆಟ್ಟಿಹಳ್ಳಿಯ ಕಡೆ ಹೋಗಿದ್ದೆವು. ಮಳೆಗಾಲದಲ್ಲಿ ಅರ್ಧ ಮುಳುಗುವ ಅಲ್ಲಿಯ ಹಳೆಯ ಚರ್ಚು ಅಂದು ಬುಡದವರೆಗೂ ಒಣಗಿ ನಿಂತಿತ್ತು, ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವನ ಊರಿಗೆ ಅಂಥ ಗುರುತೇನೂ ಉಳಿದಿಲ್ಲ. ನೀರಿನ ಕಡೆ ಬೆರಳು ತೋರಿಸಿ, "ಅಲ್ಲಿ" ಎಂದ. ಕಂಬ ನಾಲ್ಕೇ ಎಂದು ನಾನು ತೀರ್ಪು ಕೊಟ್ಟೆ. ಸತ್ಯವಾಗಿ ಹೇಳಬೇಕೆಂದರೆ, ನನಗೆ ನೆನಪಿದ್ದದ್ದು ಹಣೆಗೆ ಬಡಿದ ಒಂದು ಕಂಬ ಮಾತ್ರ.

ಈ ವಯಸ್ಸಿನಲ್ಲಿ ಸಹಪಾಠಿ ಏಕೆ ಬೇಕಾಗುತ್ತಾನೆ ಎಂಬುದಕ್ಕೆ ನನ್ನ ಬಳಿ ಇನ್ನೊಂದು ಕಾರಣವೂ ಇದೆ. ಅಪ್ಪ ಅಮ್ಮ ಹೋದರು, ಅಣ್ಣನೂ ಹೋದ. ಇಂದು ಎಲ್ಲರಿಗೂ ನಾನು ಸಾರ್, ಅಂಕಲ್, ತಾತ. ನನ್ನನ್ನು "ಬಾರೋ, ಹೋಗೋ" ಎನ್ನುವವರು ಈ ಭೂಮಿಯ ಮೇಲೆ ನಾಲ್ಕು ಜನ ಉಳಿದಿದ್ದಾರೆ, ನಾಲ್ವರೂ ಆ ತರಗತಿಯವರೇ. ನಮ್ಮ ಜೊತೆ ಓದಿದ ಹೆಣ್ಣುಮಕ್ಕಳನ್ನು ಹುಡುಕುವುದು ಮಾತ್ರ ಕಷ್ಟವಾಯಿತು, ಏಕೆಂದರೆ ಮದುವೆಯಾಗಿ ಊರೂ ಕೆಲವೊಮ್ಮೆ ಹೆಸರೂ ಬದಲಾಗಿದ್ದವು. ತವರುಮನೆಯವರ ಮೂಲಕ ಸಿಕ್ಕ ಮೂವರನ್ನು ನಾವು ಇಂದಿಗೂ "ನೀವು" ಎಂದೇ ಕರೆಯುತ್ತೇವೆ. ಅಂದು ಬಾರದ ಸಲಿಗೆ ಅರವತ್ತೈದಕ್ಕೆ ಬರುವುದಿಲ್ಲ.

ಆದರೆ ನೆನಪುಗಳನ್ನೇ ನಂಬಿಕೊಳ್ಳಬೇಡಿ. ನಡುವಯಸ್ಸು ದಾಟಿದವರಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ಸಂಗತಿಗಳೇ ಹೆಚ್ಚಾಗಿ ನೆನಪಿಗೆ ಬರುತ್ತವೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಮೊದಲ ಭೇಟಿಯಲ್ಲಿ ಮಾತು ಉಕ್ಕಿ ಬರುವುದು ಆ ಕಾರಣಕ್ಕೆ. ಮೂರನೆಯ ಭೇಟಿಗೆ ಅದೇ ಮೇಷ್ಟ್ರು, ಅದೇ ಬೆತ್ತ, ಅದೇ ಕಥೆ. ನಾವು ಮಹಾರಾಜ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತು ಕಡಲೆಕಾಯಿ ಬಿಡಿಸಿದ ಸಂಜೆಗಳು ಬೇಕಾದಷ್ಟಿವೆ. ಸ್ನೇಹ ಗಟ್ಟಿಯಾದದ್ದು ನಮ್ಮಲ್ಲೊಬ್ಬನಿಗೆ ಕಣ್ಣಿನ ಪೊರೆ ತೆಗೆದ ವರ್ಷ. ಅವನ ಹೆಂಡತಿ ತೀರಿಕೊಂಡಿದ್ದರು, ಮಗ ಹೊರದೇಶದಲ್ಲಿದ್ದ. ಡಾಕ್ಟರು ಒಂದು ತಿಂಗಳಿಗೂ ಮೀರಿ ಡ್ರಾಪ್ಸ್ ಹಾಕಬೇಕೆಂದು ಬರೆದುಕೊಟ್ಟಿದ್ದರು, ಮೊದಮೊದಲು ದಿನಕ್ಕೆ ನಾಲ್ಕು ಸಲ. ನಾವು ಸರದಿ ಹಾಕಿಕೊಂಡೆವು. ಬೆಳಗಿನ ಸರದಿ ನನ್ನದು; ನನ್ನ ಕೈ ನಡುಗುತ್ತದೆ, ಮೊದಲ ಹನಿ ಯಾವಾಗಲೂ ಕೆನ್ನೆಗೆ ಬೀಳುತ್ತಿತ್ತು. "ಲೆಕ್ಕದ ಪೇಪರಿನಲ್ಲೂ ಹಿಂಗೇ ಇಂಕು ಸುರಿತಿದ್ದೆ, ನೆಟ್ಟಗೆ ಹಿಡಿಯೋ" ಎಂದು ಅವನು ಕಣ್ಣು ಬಿಟ್ಟುಕೊಂಡೇ ಬಯ್ಯುತ್ತಿದ್ದ. ಮಗನ ಮುಂದೆ ಸಂಕೋಚದಿಂದ ಕೇಳಬೇಕಾದ ಕೆಲಸವನ್ನು ಗೆಳೆಯನಿಗೆ ಬೈದೇ ಮಾಡಿಸಿಕೊಳ್ಳಬಹುದು.

ಕೆಟ್ಟದ್ದನ್ನೂ ಹೇಳಬೇಕು. ಬ್ಯಾಂಕಿನವನಾಗಿದ್ದೂ ಒಬ್ಬ ಸಹಪಾಠಿಯ ಸಾಲಕ್ಕೆ ಜಾಮೀನು ಹಾಕಿ, ಅವನು ಕಟ್ಟದೆ ಹೋದಾಗ ನಾನು ಕಟ್ಟಿ, ಹನ್ನೊಂದು ವರ್ಷ ಅವನ ಮುಖ ನೋಡಿರಲಿಲ್ಲ. ಇನ್ನೊಬ್ಬ ಗೆಳೆಯನ ತಿಥಿಯ ಪಂಕ್ತಿಯಲ್ಲಿ ಇಬ್ಬರಿಗೂ ಪಕ್ಕಪಕ್ಕದ ಎಲೆ ಸಿಕ್ಕಿತು. ಮಾತು ಆರಂಭವಾಯಿತು, ಹಣ ಬರಲಿಲ್ಲ. ಆದ್ದರಿಂದ ಕೈಸಾಲದ ಮಾತು ಬಂದರೆ ಬಿಟ್ಟುಕೊಡಬಹುದಾದಷ್ಟನ್ನೇ ಕೊಡಿ, ಜಾಮೀನು ಮಾತ್ರ ಬೇಡ. ವಾಟ್ಸಾಪ್ ಗುಂಪಿನಲ್ಲಿ ರಾಜಕೀಯ ಎತ್ತುವವನನ್ನು ಅಲ್ಲಿ ಗದರಿಸುವ ಬದಲು ಕಾಫಿಗೆ ಕರೆಯಿರಿ, ಎದುರಿಗೆ ಕೂತಾಗ ಅವನು ಅಷ್ಟು ಕೆಟ್ಟವನಲ್ಲ.

ಶಾಮಿಯಾನ ಹಾಕಿ, ಶಾಲು ಹೊದಿಸುವ ದೊಡ್ಡ ಸಮಾರಂಭದಿಂದ ಆರಂಭಿಸಬೇಡಿ. ಇಬ್ಬರೋ ಮೂವರೋ ಸೇರಿ, ಒಂದು ದಿನ ಗೊತ್ತುಮಾಡಿಕೊಳ್ಳಿ. ನಾವು ಹೊರಊರಿನವರಿಗಾಗಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳನ್ನು ಹಿಡಿದುಕೊಂಡಿದ್ದೇವೆ, ಹೇಗೂ ವರ್ಷಕ್ಕೊಮ್ಮೆ ದರ್ಶನಕ್ಕೆ ಬರುತ್ತಾರೆ. ಸಾಲು ಉದ್ದವಾದ ವರ್ಷ ನಮ್ಮ ಸಭೆ ಸಾಲಿನಲ್ಲಿಯೇ ನಡೆದಿದೆ.

ಕರೆ ಮಾಡಿದಾಗ ನಿಮ್ಮ ಹುದ್ದೆಯನ್ನು ಹೇಳಬೇಡಿ, ಅವನ ಮನೆಯ ಯಾವುದಾದರೂ ಒಂದು ಗುರುತನ್ನು ಹೇಳಿ. ಮಕ್ಕಳ ಸಂಬಳ ಕೇಳಬೇಡಿ. ರಾತ್ರಿ ಎಂಟರೊಳಗೆ ಮಾಡಿ. ನಮ್ಮ ವಯಸ್ಸಿನವರು ಒಂಬತ್ತಕ್ಕೆಲ್ಲ ಮಲಗಿರುತ್ತಾರೆ.