ಬಿಚ್ಚಿ ಜೋಡಿಸುವ ಗಾಳದ ಕೋಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ರಜಾದಿನಗಳಲ್ಲಿ ಗಾಜನೂರಿನ ತುಂಗಾ ಹಿನ್ನೀರಿನಲ್ಲಿ ಗಾಳ ಹಾಕುವ ಹವ್ಯಾಸವಿದೆ. ನನ್ನಲ್ಲಿರುವುದು ಎರಡು ತುಂಡಿನ ಎಂಟಡಿ ಕೋಲು. ಬಿಚ್ಚಿದರೂ ಒಂದೊಂದು ತುಂಡು ನಾಲ್ಕಡಿ ಮೀರುವುದರಿಂದ ಬಸ್ಸು, ರೈಲುಗಳಲ್ಲಿ ಒಯ್ಯುವುದು ಕಷ್ಟ. ಬರುವ ಏಪ್ರಿಲ್‌ನಲ್ಲಿ ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಹಿಡಿಯಲು ಹೋಗುವವನಿದ್ದೇನೆ. ಹೊನ್ನಾವರದಲ್ಲಿ ಅಕ್ಕನ ಮನೆಯಿದ್ದು, ಅಲ್ಲಿಗೆ ಹೋದಾಗ ಶರಾವತಿ ಅಳಿವೆಯಲ್ಲೂ ಪ್ರಯತ್ನಿಸುವ ಆಸೆಯಿದೆ. ಅಂಗಡಿಯವರು ನಾಲ್ಕು ತುಂಡಿನದು, ಆರು ತುಂಡಿನದು, ತುಂಡುಗಳು ಒಂದರೊಳಗೊಂದು ಸರಿಯುವ ಟೆಲಿಸ್ಕೋಪಿಕ್ ಹೀಗೆ ಮೂರು ಬಗೆ ತೋರಿಸುತ್ತಿದ್ದಾರೆ. ಎಲ್ಲ ಕಡೆಗೂ ಒಗ್ಗುವ ಒಂದೇ ಕೋಲು ಸಿಗಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಂಗಡಿಯವರು ತುಂಡುಗಳ ಲೆಕ್ಕದಿಂದ ಮಾತು ಆರಂಭಿಸಿದ್ದಾರೆ, ತಾವು ಆ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ತೀರ್ಮಾನವಾಗಬೇಕಾದುದು ತಾವು ಎಸೆಯುವ ಎರೆಯ ತೂಕ. ಪ್ರತಿ ಕೋಲಿನ ಹಿಡಿಯ ಮೇಲ್ಭಾಗದಲ್ಲಿ 7–28 ಗ್ರಾಂ ಎಂದೋ, ಕಾಲು ಔನ್ಸ್‌ನಿಂದ ಒಂದು ಔನ್ಸ್ ಎಂದೋ ಅಚ್ಚು ಹಾಕಿರುತ್ತಾರೆ. ಕೋಲು ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮಿದಾಗಲೇ ಎರೆ ದೂರ ಹೋಗುವುದು. ತನ್ನನ್ನು ಬಾಗಿಸಲಾರದ ಹಗುರ ಎರೆಯನ್ನು ಗಡುಸಾದ ಕೋಲು ಹತ್ತಿರದಲ್ಲೇ ಬೀಳಿಸುತ್ತದೆ, ತನ್ನ ಅಳತೆಗೆ ಮೀರಿದ ತೂಕವನ್ನು ಬೀಸಿ ಎಸೆದರೆ ತೆಳುವಾದ ಕೋಲು ಮುರಿಯುತ್ತದೆ.

ಈ ಅಳತೆಯನ್ನು ತಮ್ಮ ಮೂರು ನೀರುಗಳ ಪಕ್ಕ ಇಟ್ಟು ನೋಡೋಣ. ತೀರ್ಥನ್‌ನಲ್ಲಿ ಟ್ರೌಟ್‌ಗೆ ಬಳಸುವ, ನೀರಿನಲ್ಲಿ ಲೋಹದ ಎಲೆ ಗಿರಗಿರ ತಿರುಗುವ ಪುಟ್ಟ ಸ್ಪಿನ್ನರ್‌ಗಳು ಮೂರರಿಂದ ಏಳು ಗ್ರಾಂ ತೂಗುತ್ತವೆ. ಗಾಜನೂರಿನಲ್ಲಿ ಬೆಂಡು ಕಟ್ಟಿ ಗೆಂಡೆಗೆ ಹಿಟ್ಟಿನ ಉಂಡೆ ಹಾಕಿದರೂ, ಕುಚ್ಚು ಮೀನಿಗೆ ರಬ್ಬರ್ ಕಪ್ಪೆ ಎಸೆದರೂ ತೂಕ ಹೆಚ್ಚುಕಡಿಮೆ ಹತ್ತರಿಂದ ಇಪ್ಪತ್ತು ಗ್ರಾಂ ಒಳಗೇ ಇರುತ್ತದೆ. ಅಳಿವೆಯಲ್ಲಿ ಕೆಂಬೇರಿಗೋ ಸೀಬಾಸ್‌ಗೋ ಗಾಳ ಹಾಕುವಾಗ ನೀರಿನ ಸೆಳೆತವನ್ನು ತಡೆಯಲು ಮೂವತ್ತು ಗ್ರಾಂವರೆಗೂ ಬೇಕಾಗಬಹುದು. ಮೂರರಿಂದ ಮೂವತ್ತರವರೆಗೆ ಎಲ್ಲವನ್ನೂ ಚೆನ್ನಾಗಿ ಎಸೆಯುವ ಒಂದೇ ತುದಿಯ ಕೋಲನ್ನು ಯಾವ ಕಂಪನಿಯೂ ತಯಾರಿಸಿಲ್ಲ. ಪೆಟ್ಟಿಗೆಯ ಮೇಲೆ 'ಎಲ್ಲ ಬಗೆಯ ಮೀನುಗಾರಿಕೆಗೂ' ಎಂದು ಬರೆದಿದ್ದರೆ ಅದನ್ನು ಜಾಹೀರಾತೆಂದು ಓದಿ ಮುಂದೆ ಹೋಗಿ.

ಇದಕ್ಕೆ ಎರಡು ದಾರಿಗಳಿವೆ. ಬುಡದ ತುಂಡುಗಳು ಒಂದೇ ಇದ್ದು, ಹಗುರ ಮತ್ತು ಗಡುಸು ಹೀಗೆ ಎರಡು ತುದಿಗಳನ್ನು ಜೊತೆಗೆ ಕೊಡುವ ಪ್ರವಾಸಿ ಕೋಲುಗಳು ಮಾರುಕಟ್ಟೆಯಲ್ಲಿವೆ. ಹಣ ಅನುಮತಿಸಿದರೆ ತಮಗೆ ಅದೇ ಸರಿ. ಸಿಗದಿದ್ದರೆ 7–28 ಗ್ರಾಂನ ಮಧ್ಯಮ ಬಲದ ಕೋಲನ್ನು ಆರಿಸಿ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಾಖಂಡಿತವಾಗಿದೆ: ಕೋಲನ್ನು ಕೊಳ್ಳಬೇಕಾದುದು ವರ್ಷವಿಡೀ ಗಾಳ ಹಾಕುವ ಗಾಜನೂರಿಗಾಗಿಯೇ ಹೊರತು ವರ್ಷಕ್ಕೊಮ್ಮೆ ಹೋಗುವ ಹಿಮಾಚಲಕ್ಕಾಗಿ ಅಲ್ಲ. ತೀರ್ಥನ್‌ನಲ್ಲಿ ಏಳು ಗ್ರಾಂನ ಸ್ಪಿನ್ನರ್ ಬಳಸಿ, ರೀಲಿಗೆ ತೆಳುವಾದ ದಾರ ಸುತ್ತಿಕೊಂಡರೆ ಕೆಲಸ ಸಾಗುತ್ತದೆ. ನಿಜ ಹೇಳಬೇಕೆಂದರೆ ಕೋಲು ಬದಲಿಸುವುದಕ್ಕಿಂತ ದಾರ ಬದಲಿಸುವುದರಿಂದಲೇ ಹೆಚ್ಚು ಉಪಯೋಗ: 2500 ಅಥವಾ 3000 ಅಳತೆಯ ಒಂದು ರೀಲು, ಅದಕ್ಕೆ ದಾರ ಸುತ್ತುವ ಎರಡು ಸ್ಪೂಲು, ಒಂದರಲ್ಲಿ 10 ಪೌಂಡಿನ ಎಳೆತ ತಡೆಯುವ ಹೆಣೆದ ದಾರ, ಇನ್ನೊಂದರಲ್ಲಿ 20 ಪೌಂಡಿನದು ಇದ್ದರೆ ಒಂದೇ ಕೋಲು ಎರಡು ಕೋಲಿನ ಕೆಲಸ ಮಾಡುತ್ತದೆ.

ಉದ್ದದ ವಿಷಯದಲ್ಲಿ ಏಳರಿಂದ ಏಳೂವರೆ ಅಡಿ ಸಾಕು. ಬಂಡೆಗಳ ನಡುವೆ, ಮರಗಳ ಕೆಳಗೆ ನಿಂತು ಎಸೆಯಬೇಕಾದ ತೀರ್ಥನ್‌ನಂತಹ ಹೊಳೆಗೆ ಇನ್ನೂ ಗಿಡ್ಡದ್ದಿದ್ದರೆ ಅನುಕೂಲವಾಗುತ್ತಿತ್ತು, ಅಳಿವೆಗೆ ಇನ್ನೂ ಉದ್ದದ್ದಿದ್ದರೆ ಚೆನ್ನಾಗಿತ್ತು ಎಂಬುದು ಸರಿ. ಆದರೆ ಹಿನ್ನೀರಿನ ದಡಕ್ಕೆ ಈ ಅಳತೆಯೇ ಹದ. ತೆರೆದ ಸಮುದ್ರದ ಅಲೆಗಳಾಚೆ ಎಸೆಯುವ ಯೋಚನೆಯಿದ್ದರೆ ಅದಕ್ಕೆ ಒಂಬತ್ತು, ಹತ್ತಡಿಯ ಬೇರೆಯೇ ಕೋಲು ಬೇಕು, ಆ ಆಸೆಯನ್ನು ಇದರ ಮೇಲೆ ಹೇರಬೇಡಿ.

ಇನ್ನು ತುಂಡುಗಳ ಲೆಕ್ಕ. ಏಳಡಿಯೆಂದರೆ 213 ಸೆಂ.ಮೀ. ಅದನ್ನು ನಾಲ್ಕು ತುಂಡು ಮಾಡಿ, ಒಂದರೊಳಗೊಂದು ಸೇರುವ ಭಾಗವನ್ನೂ ಕೂಡಿಸಿದರೆ ಒಂದೊಂದು ತುಂಡು ಸುಮಾರು 57 ಸೆಂ.ಮೀ. ಆಗುತ್ತದೆ, ಏಳೂವರೆ ಅಡಿಯದಾದರೆ ಸುಮಾರು 61. ಬೆನ್ನಿಗೆ ಹಾಕುವ ದೊಡ್ಡ ಚೀಲಕ್ಕೂ ರೈಲಿನ ಸೀಟಿನ ಕೆಳಗಿನ ಜಾಗಕ್ಕೂ ಇಷ್ಟು ಸಾಕು. ಆರು ತುಂಡಾದರೆ ನಲವತ್ತು ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ, ನಿಜ; ಆದರೆ ಮೂರು ಜೋಡಣೆಗಳ ಜಾಗದಲ್ಲಿ ಐದು ಜೋಡಣೆಗಳನ್ನು ಕಾಯಬೇಕಾಗುತ್ತದೆ. ಲೋಹದ ಜೋಡಣೆಗಳಿದ್ದ ಕಾಲದಲ್ಲಿ ತುಂಡು ಹೆಚ್ಚಿದಂತೆ ಕೋಲು ಭಾರವಾಗಿ, ಬಾಗುವಲ್ಲಿ ಮೊಂಡಾಗುತ್ತಿತ್ತು. ಈಗಿನ ಕಾರ್ಬನ್ ಜೋಡಣೆಗಳಲ್ಲಿ ಆ ದೋಷ ಬಹುಮಟ್ಟಿಗೆ ಇಲ್ಲವಾದರೂ ಸಡಿಲಾಗುವ, ಸೀಳುವ ಜಾಗಗಳು ಹೆಚ್ಚುತ್ತವೆ ಎಂಬುದು ಬದಲಾಗಿಲ್ಲ.

ಟೆಲಿಸ್ಕೋಪಿಕ್ ಕೋಲನ್ನು ನಾನು ತಮಗೆ ಹೇಳುವುದಿಲ್ಲ. ಎಳೆದರೆ ಸಿದ್ಧ, ತಳ್ಳಿದರೆ ಮಡಚಿತು ಎಂಬ ಅನುಕೂಲ ಅದಕ್ಕಿದೆ. ಆದರೆ ದಾರ ಹಾಯುವ ಬಳೆಗಳನ್ನು ಹೆಚ್ಚಾಗಿ ಪ್ರತಿ ತುಂಡಿನ ತುದಿಯಲ್ಲಷ್ಟೇ ಕೂರಿಸಲು ಸಾಧ್ಯವಾಗುವುದರಿಂದ ಕೋಲು ಬಾಗಿದಾಗ ದಾರ ಅದರ ಬಾಗನ್ನು ಅನುಸರಿಸುವುದಿಲ್ಲ. ತೆಳುವಾದ ತುದಿ ಬೇಗ ಮುರಿಯುತ್ತದೆ. ಅಳಿವೆಯ ಮರಳಿನ ಒಂದು ಕಣ ಒಳಗೆ ಸೇರಿದರೂ ತುಂಡುಗಳು ಕಚ್ಚಿಕೊಂಡು ಹಿಂದಕ್ಕೆ ಸರಿಯದೆ ಹೋಗುತ್ತವೆ. ಕಾರಿನ ಡಿಕ್ಕಿಯಲ್ಲಿ ಸದಾ ಬಿದ್ದಿರಲಿ ಎಂದು ಇಟ್ಟುಕೊಳ್ಳುವವರಿಗೆ ಅದು ಸರಿ.

ಅಂಗಡಿಯಲ್ಲಿ ಕೊಳ್ಳುವ ಮುನ್ನ ಕೋಲನ್ನು ಪೂರ್ತಿ ಜೋಡಿಸಿಯೇ ನೋಡಬೇಕು. ಬುಡದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಎಲ್ಲ ಬಳೆಗಳೂ ಒಂದೇ ಸಾಲಿನಲ್ಲಿ ಕಾಣಬೇಕು. ಆಮೇಲೆ ರೀಲು ಹಾಕಿ, ಬಳೆಗಳಲ್ಲಿ ದಾರ ಹಾಯಿಸಿ, ಅದರ ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು ಮೆಲ್ಲಗೆ ಕೆಳಕ್ಕೆ ಎಳೆಯಲು ಹೇಳಿ. ಕೋಲು ಬಿಲ್ಲಿನಂತೆ ಒಂದೇ ಓಟದಲ್ಲಿ ಬಾಗಬೇಕು. ಜೋಡಣೆಯ ಜಾಗದಲ್ಲಿ ಬಾಗದೆ ನೆಟ್ಟಗೆ ಉಳಿದರೆ, ಅಥವಾ 'ಟಿಕ್' ಎಂಬ ಸದ್ದು ಕೇಳಿಸಿದರೆ ಅದನ್ನು ವಾಪಸು ಇಡಿ. ಬಳೆಗಳ ಒಳಗಿನ ಸೆರಾಮಿಕ್ ಸುತ್ತನ್ನು ಪರೀಕ್ಷಿಸಲು ಒಂದು ಇಯರ್‌ಬಡ್ ಸಾಕು. ಅದರ ಹತ್ತಿಯನ್ನು ಬಳೆಯ ಒಳಗೆ ಒಂದು ಸುತ್ತು ಆಡಿಸಿದಾಗ ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಮುಂದೆ ಆ ಬಿರುಕೇ ದಾರವನ್ನು ಕತ್ತರಿಸುತ್ತದೆ. ಹೆಣೆದ ದಾರ ಬಳಸುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಒಂದು ತುಂಡು ಮುರಿದರೆ ಅದೊಂದನ್ನೇ ತರಿಸಿಕೊಡುತ್ತಾರೆಯೇ ಎಂದೂ ಕೇಳಿ; ಪ್ರವಾಸಿ ಕೋಲಿನ ಮಟ್ಟಿಗೆ ಇದು ಬ್ರ್ಯಾಂಡಿನ ಹೆಸರಿಗಿಂತ ಮುಖ್ಯವಾದ ಪ್ರಶ್ನೆ.

ಇನ್ನೊಂದು ಮಾತು. ಕಾರ್ಬನ್ ವಿದ್ಯುತ್ ವಾಹಕ. ಗುಡುಗು ಮಳೆಯಲ್ಲಿ, ಹಿನ್ನೀರಿನ ದಡದ ವಿದ್ಯುತ್ ತಂತಿಗಳ ಕೆಳಗೆ ಇಂತಹ ಕೋಲನ್ನು ಎತ್ತಿ ಹಿಡಿಯಬಾರದು. ರೈಲು ನಿಲ್ದಾಣದಲ್ಲಿ ಬಿಡುವಿದೆಯೆಂದು ಜೋಡಿಸಿ ನೋಡುವ ಉಮೇದೂ ಬೇಡ, ತಲೆಯ ಮೇಲಿರುವುದು 25,000 ವೋಲ್ಟ್‌ನ ತಂತಿ.

ಹಿಮಾಚಲದಲ್ಲಿ ಟ್ರೌಟ್ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿರುವುದರಿಂದ ಏಪ್ರಿಲ್ ಪ್ರವಾಸಕ್ಕೆ ತೊಂದರೆಯಿಲ್ಲ.

ಪ್ರಶ್ನೆ: ಹೊಸದಾಗಿ ತರಿಸಿದ ನಾಲ್ಕು ತುಂಡಿನ ಕೋಲನ್ನು ಎಷ್ಟು ಒತ್ತಿ ಜೋಡಿಸಿದರೂ ಎರಡು ತುಂಡುಗಳ ನಡುವೆ ಅರ್ಧ ಬೆರಳಿನಷ್ಟು ಸಂದು ಉಳಿಯುತ್ತದೆ. ಒಮ್ಮೆ ಬಲವಾಗಿ ಒತ್ತಿದ್ದಕ್ಕೆ ಬಿಚ್ಚಲು ಬಾರದಂತಾಯಿತು. ಇದು ದೋಷವೇ?
— ಓದುಗರೊಬ್ಬರು, ಕಾರವಾರ

ಉತ್ತರ: ದೋಷವಲ್ಲ. ತಮ್ಮದು ಸ್ಪಿಗಾಟ್ ಜೋಡಣೆಯ ಕೋಲು. ಅಂದರೆ ಕೆಳಗಿನ ತುಂಡಿನೊಳಗೆ ಅಂಟಿಸಿದ ಗಟ್ಟಿ ಕಡ್ಡಿಯೊಂದು ಹೊರಚಾಚಿದ್ದು, ಮೇಲಿನ ತುಂಡು ಅದರ ಮೇಲೆ ಕೂರುತ್ತದೆ. ಬಳಸಿದಂತೆಲ್ಲ ಕಡ್ಡಿ ಸವೆಯುವುದರಿಂದ, ಆ ಸವೆತಕ್ಕೆ ಅವಕಾಶವಿರಲೆಂದು ತಯಾರಕರು ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಸಂದು ಪೂರ್ತಿ ಮುಚ್ಚಿಹೋದಾಗಲೇ ಚಿಂತಿಸಬೇಕು, ಏಕೆಂದರೆ ಆಮೇಲೆ ಜೋಡಣೆ ಬಿಗಿಯಾಗಲು ಜಾಗವೇ ಉಳಿದಿರುವುದಿಲ್ಲ. ಕಡ್ಡಿಯ ಮೇಲೆ ಆಗಾಗ ಬಿಳಿಯ ಮೇಣದಬತ್ತಿಯನ್ನು ತೆಳ್ಳಗೆ ಉಜ್ಜಿದರೆ ಹಿಡಿತವೂ ಚೆನ್ನಾಗಿರುತ್ತದೆ, ಬಿಚ್ಚುವುದೂ ಸುಲಭ. ಎಣ್ಣೆ, ಗ್ರೀಸು ಬೇಡ.

ಜೋಡಿಸುವಾಗ ಬಳೆಗಳನ್ನು ಕಾಲು ಸುತ್ತು ಓರೆಗೆ ಇಟ್ಟುಕೊಂಡು, ಒತ್ತುತ್ತಾ ತಿರುಗಿಸಿ ಸಾಲಿಗೆ ತನ್ನಿ. ಬಿಚ್ಚುವಾಗ ನೇರವಾಗಿ ಎಳೆಯಿರಿ. ಕಚ್ಚಿಕೊಂಡರೆ ಒಬ್ಬರೇ ಗುದ್ದಾಡಬೇಡಿ. ಇಬ್ಬರು ಎದುರುಬದುರು ನಿಂತು, ಪ್ರತಿಯೊಬ್ಬರೂ ಒಂದು ಕೈಯಿಂದ ಮೇಲಿನ ತುಂಡನ್ನೂ ಇನ್ನೊಂದು ಕೈಯಿಂದ ಕೆಳಗಿನ ತುಂಡನ್ನೂ ಜೋಡಣೆಯ ಹತ್ತಿರವೇ ಹಿಡಿದು ಒಟ್ಟಿಗೆ ಎಳೆದರೆ ಸಾಮಾನ್ಯವಾಗಿ ಬಿಡುತ್ತದೆ. ಅಡುಗೆಮನೆಯ ರಬ್ಬರ್ ಕೈಗವಸು ಹಾಕಿಕೊಂಡರೆ ಕೈ ಜಾರದು. ಬಳೆಗಳನ್ನು ಮಾತ್ರ ಹಿಡಿಕೆಯಂತೆ ಬಳಸಬಾರದು, ಅವು ಕಿತ್ತು ಬರುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಸಡಿಲ ಜೋಡಣೆಯದು. ಪದೇಪದೇ ಎಸೆಯುವಾಗ ತುಂಡುಗಳು ತಾವಾಗಿಯೇ ಸ್ವಲ್ಪ ತಿರುಗಿ ಸಡಿಲವಾಗುತ್ತವೆ. ಅದನ್ನು ಗಮನಿಸದೆ ಜೋರಾಗಿ ಬೀಸಿದರೆ ಹೊರಗಿನ ತುಂಡಿನ ಅಂಚು ಉದ್ದಕ್ಕೆ ಸೀಳುತ್ತದೆ. ಜಾಗ ಬದಲಿಸಿದಾಗಲೆಲ್ಲ ಜೋಡಣೆಗಳ ಮೇಲೊಮ್ಮೆ ಕೈಯಾಡಿಸಿ ನೋಡುವ ಅಭ್ಯಾಸವಿರಲಿ. ಕಾರವಾರದ ಉಪ್ಪುನೀರಿನಲ್ಲಿ ಬಳಸುವವರು ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ತುಂಡುಗಳು ಪೂರ್ತಿ ಒಣಗಿದ ಮೇಲಷ್ಟೇ ಬಟ್ಟೆಯ ಚೀಲಕ್ಕೆ ಹಾಕಬೇಕು.

ಪ್ರಶ್ನೆ: ಪ್ರವಾಸಕ್ಕೆಂದು ಕೊಂಡ ಸ್ಪಿನ್ನಿಂಗ್ ಕೋಲಿನಲ್ಲೇ ಫ್ಲೈ ಗಾಳವನ್ನೂ (ಗರಿ, ನೂಲಿನಿಂದ ಹುಳುವಿನಂತೆ ಕಟ್ಟಿದ ಗಾಳ) ಹಾಕಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸ್ಪಿನ್ನಿಂಗ್‌ನಲ್ಲಿ ಎರೆಯ ತೂಕ ದಾರವನ್ನು ಎಳೆದೊಯ್ಯುತ್ತದೆ, ಫ್ಲೈ ಪದ್ಧತಿಯಲ್ಲಿ ದಪ್ಪ ದಾರದ ತೂಕವೇ ತೂಕವಿಲ್ಲದ ಫ್ಲೈಯನ್ನು ಒಯ್ಯುತ್ತದೆ. ಆದುದರಿಂದ ಫ್ಲೈ ದಾರವನ್ನು ಈ ಕೋಲಿಗೆ ಹಾಕಿ ಪ್ರಯೋಜನವಿಲ್ಲ. ಆದರೆ ನೀರು ತುಂಬಿಸಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಬೆಂಡೊಂದನ್ನು ಕಟ್ಟಿ, ಅದರಿಂದ ನಾಲ್ಕೈದು ಅಡಿ ಮುಂದೆ ಫ್ಲೈ ಕಟ್ಟಿದರೆ ಸಾಮಾನ್ಯ ಸ್ಪಿನ್ನಿಂಗ್ ಕೋಲಿನಿಂದಲೂ ಎಸೆಯಬಹುದು. ಫ್ಲೈ ಪದ್ಧತಿಯನ್ನೇ ಕಲಿಯುವ ಮನಸ್ಸಿದ್ದರೆ ಒಂಬತ್ತಡಿಯ, ನಾಲ್ಕು ತುಂಡಿನ, 5ನೇ ತೂಕದ (ಫ್ಲೈ ದಾರದ ತೂಕ ಸೂಚಿಸುವ ಸಂಖ್ಯೆ) ಕೋಲು ಟ್ರೌಟ್‌ಗೆ ಎಲ್ಲೆಡೆ ರೂಢಿಯಲ್ಲಿದೆ. ಎರಡಕ್ಕೂ ಒಂದೇ ಎಂದು ಮಾರುವ ಕೋಲುಗಳಲ್ಲಿ ರೀಲು ಕೂರುವ ಜಾಗವನ್ನು ಮೇಲೆ ಕೆಳಗೆ ಬದಲಿಸಬಹುದು. ಅವುಗಳ ಮೇಲೆ ಹಣ ಹಾಕುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: ವಿಮಾನದಲ್ಲಿ ಕೋಲನ್ನು ಕೈಚೀಲದಲ್ಲಿ ಒಯ್ಯಲು ಬಿಡುತ್ತಾರೆಯೇ? ಅದಕ್ಕೆ ಎಂತಹ ಪೆಟ್ಟಿಗೆ ಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಮ್ಮಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 55 ಸೆಂ.ಮೀ. ಉದ್ದ, 7 ಕೆ.ಜಿ. ತೂಕ. ನಾಲ್ಕು ತುಂಡಿನ ಏಳಡಿ ಕೋಲು ಈ ಉದ್ದವನ್ನು ಸ್ವಲ್ಪವೇ ಮೀರುತ್ತದೆ; ಮೆತ್ತನೆಯ ಚೀಲದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಕೂರಬಹುದು. ಆದರೂ ಕೊನೆಯ ಮಾತು ಭದ್ರತಾ ಸಿಬ್ಬಂದಿಯದೇ ಆಗಿರುವುದರಿಂದ ಅದನ್ನು ನಂಬಿಕೊಂಡು ಹೋಗದೆ ಚೆಕ್-ಇನ್ ಸಾಮಾನಿಗೆ ಹಾಕುವುದು ವಾಸಿ. ಕೊಕ್ಕೆ, ಚಾಕು, ಇಕ್ಕಳಗಳನ್ನಂತೂ ಚೆಕ್-ಇನ್ ಸಾಮಾನಿನಲ್ಲೇ ಇಡಬೇಕು. ರೀಲನ್ನು ಬಟ್ಟೆಗಳ ನಡುವೆ ಸುತ್ತಿಡಿ.

ಪೆಟ್ಟಿಗೆಗೆ ದುಡ್ಡು ಸುರಿಯಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 75 ಮಿ.ಮೀ. ಪಿವಿಸಿ ಪೈಪನ್ನು ಅತ್ಯಂತ ಉದ್ದದ ತುಂಡಿಗಿಂತ ಐದು ಸೆಂ.ಮೀ. ಹೆಚ್ಚಿಗೆ ಕತ್ತರಿಸಿಸಿ, ಒಂದು ಕಡೆಗೆ ಮುಚ್ಚಳ ಅಂಟಿಸಿ, ಇನ್ನೊಂದು ಕಡೆಗೆ ತಿರುಪಿನ ಮುಚ್ಚಳ ಹಾಕಿಸಿಕೊಳ್ಳಿ. ಎರಡೂ ಕೊನೆಗೆ ಸ್ಪಂಜಿನ ತುಂಡು ಇಟ್ಟು, ಬುಡದ ಕಡೆಯ ದೊಡ್ಡ ಬಳೆ ಒಳಗೆ ಸಲೀಸಾಗಿ ಹೋಗುತ್ತದೆಯೇ ಎಂದು ಪೈಪು ಕೊಳ್ಳುವಾಗಲೇ ಕೋಲನ್ನು ಜೊತೆಗೆ ಒಯ್ದು ನೋಡಿ. ಖಾಲಿ ಉಳಿಯುವ ಜಾಗದಲ್ಲಿ ಒಂದು ಬಿಡಿ ತುದಿಬಳೆ, ಬಿಸಿ ಮಾಡಿ ಅಂಟಿಸುವ ಗೋಂದಿನ ಕಡ್ಡಿ, ಮೇಣದಬತ್ತಿಯ ಒಂದು ತುಣುಕು ಇದ್ದರೆ, ತುದಿ ಒಂದೆರಡು ಅಂಗುಲ ಮುರಿದರೂ ಹೊಸ ಬಳೆ ಕೂರಿಸಿಕೊಂಡು ಪ್ರವಾಸ ಮುಂದುವರಿಸಬಹುದು.